ಎಚ್‌ಐವಿ: ಲಸಿಕೆಗೆ ಕಾಯುತ್ತ ಕೂರುವ ಕಾಲವಲ್ಲ

ಮೈಸೂರು ಅರಮನೆಯ ಮೂವರು ಹೆಂಗಸರನ್ನು ಥಾಮಸ್ ಹಿಕಿ ಎಂಬ ಕಲಾವಿದ 1805ರಲ್ಲಿ ಚಿತ್ರಿಸಿದ. ಅವರಲ್ಲೊಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ. ಸೆರಗು ಸರಿಸಿ ಅವರು ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನು, ಜನರಿಗೆ ಧೈರ್ಯ ತುಂಬಲೆಂದೇ ಈ ಚಿತ್ರ ಬರೆಸಲಾಯಿತು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ. ಶ್ರೀರಂಗಪಟ್ಟಣದ ಕೋಟೆ ಬಿದ್ದು ಆಗ ಬರೀ ಆರು ವರ್ಷ. ಇಂಗ್ಲೆಂಡಿನಲ್ಲಿ ಜೆನ್ನರ್ ಮೊದಲ ಪ್ರಯೋಗ ಮಾಡಿ ಒಂಬತ್ತು ವರ್ಷ. ಹಡಗಿನ ಕಾಲದಲ್ಲೂ ಲಸಿಕೆ ಅಷ್ಟು ಬೇಗ ಕಾವೇರಿ ಸೀಮೆ ಮುಟ್ಟಿತ್ತು.

ಎಚ್‌ಐವಿಯ ಕಥೆಯೇ ಬೇರೆ. ಇನ್ನೆರಡು ವರ್ಷದಲ್ಲಿ ಲಸಿಕೆ ಪರೀಕ್ಷೆಗೆ ಸಿದ್ಧವಾಗಬಹುದು ಎಂದು ಅಮೆರಿಕದ ಆರೋಗ್ಯ ಸಚಿವೆ ಮಾರ್ಗರೆಟ್ ಹೆಕ್ಲರ್ ಹೇಳಿದ್ದು 1984ರಲ್ಲಿ. ನಲವತ್ತು ವರ್ಷ ದಾಟಿದರೂ ಬಳಕೆಗೆ ಬಂದ ಲಸಿಕೆ ಒಂದೂ ಇಲ್ಲ. ಥಾಯ್ಲೆಂಡಿನಲ್ಲಿ 16,000 ಜನರ ಮೇಲೆ ನಡೆದ ಪ್ರಯೋಗ 2009ರಲ್ಲಿ ಶೇ 31ರಷ್ಟು ರಕ್ಷಣೆ ತೋರಿಸಿದ್ದೇ ಈವರೆಗಿನ ದೊಡ್ಡ ಗೆಲುವು. ಅದನ್ನು ನೆಚ್ಚಿ ದಕ್ಷಿಣ ಆಫ್ರಿಕಾದಲ್ಲಿ ನಡೆಸಿದ ಪ್ರಯೋಗ 2020ರಲ್ಲಿ ನಿಂತಿತು. ‘ಮೊಸಾಯಿಕೊ’ ಎಂಬ ಮತ್ತೊಂದು 2023ರಲ್ಲಿ ಕೈಚೆಲ್ಲಿತು. ನಮ್ಮಲ್ಲೂ 2005ರಲ್ಲಿ ಪುಣೆಯಲ್ಲಿ, ಮರುವರ್ಷ ಚೆನ್ನೈಯಲ್ಲಿ ಸಣ್ಣ ಪ್ರಯೋಗಗಳು ನಡೆದವು. ಅವೂ ಮುಂದಕ್ಕೆ ಹೋಗಲಿಲ್ಲ.

ವಿಜ್ಞಾನಿಗಳು ಸೋಮಾರಿಗಳೆಂದಲ್ಲ, ವೈರಾಣು ಅಷ್ಟು ಪಾಕಡ. ಅದು ಕ್ಷಣಕ್ಷಣಕ್ಕೂ ವೇಷ ಬದಲಿಸುತ್ತದೆ. ಸಕ್ಕರೆ ಅಣುಗಳ ಕವಚ ತೊಟ್ಟು ರೋಗನಿರೋಧಕ ಶಕ್ತಿಯ ಕಣ್ತಪ್ಪಿಸುತ್ತದೆ. ನಮ್ಮದೇ ಜೀವಕೋಶದ ಡಿಎನ್‌ಎಯೊಳಗೆ ಸೇರಿಕೊಂಡು ಮಲಗಿಬಿಡುತ್ತದೆ. ಈಗಾಗಲೇ ಸೋಂಕಿರುವವರಿಗೆ ಚಿಕಿತ್ಸೆಯ ಲಸಿಕೆ ಕೊಡುವ ಯತ್ನಗಳೆಲ್ಲ ಮುಗ್ಗರಿಸಿರುವುದು ಈ ಮಲಗಿದ ವೈರಾಣುವಿನ ಮುಂದೆಯೇ. ವೈರಾಣುವನ್ನು ಹದ್ದುಬಸ್ತಿನಲ್ಲಿಡುವ ಎಆರ್‌ಟಿ ಮಾತ್ರೆ ನಿಲ್ಲಿಸಿದರೆ ಅದು ಮತ್ತೆ ಎದ್ದು ಕೂರುತ್ತದೆ.

ಹಾಗೆಂದು ಕೈಕಟ್ಟಿ ಕೂರುವ ಕಾರಣವೇನೂ ಇಲ್ಲ. ಲಸಿಕೆಯಲ್ಲದಿದ್ದರೂ ಲಸಿಕೆಯ ಕೆಲಸ ಮಾಡುವ ಔಷಧಿ ಬಂದಿದೆ. ಹೆಸರು ಲೆನಾಕಾಪವಿರ್. ಆರು ತಿಂಗಳಿಗೊಮ್ಮೆ ಹೊಟ್ಟೆಯ ಚರ್ಮದಡಿ ಕೊಡುವ ಚುಚ್ಚುಮದ್ದು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ಇದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ ಎಂದು 2024ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಇದರ ವರ್ಷದ ಬೆಲೆ 28,000 ಡಾಲರ್ ದಾಟುತ್ತದೆ. ಇದೇ ಔಷಧಿಯನ್ನು 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ, ಅಂದರೆ 3,500 ರೂಪಾಯಿ ಆಸುಪಾಸಿನಲ್ಲಿ ಕೊಡುವುದಾಗಿ ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು ಒಪ್ಪಿವೆ. ಪಕ್ಕದ ರಾಜ್ಯದಲ್ಲೇ ತಯಾರಾಗುವ ಮದ್ದು ನಮ್ಮ ಮಂಡ್ಯ ಜಿಲ್ಲೆಗೆ ತಡವಾಗಿ ಬಂದರೆ ಅದಕ್ಕೆ ನೆಪ ಹೇಳಲಾಗದು.

ಇಂಥ ತಡೆಮದ್ದು ನಮ್ಮ ಕಡೆ ನಡೆಯುವುದಿಲ್ಲ ಎನ್ನುವವರು ಮೈಸೂರಿನತ್ತ ನೋಡಬೇಕು. ಲೈಂಗಿಕ ಕಾರ್ಯಕರ್ತರೇ ಕಟ್ಟಿಕೊಂಡ ‘ಆಶೋದಯ ಸಮಿತಿ’ 2016ರಿಂದ 600ಕ್ಕೂ ಹೆಚ್ಚು ಮಹಿಳೆಯರಿಗೆ ಸೋಂಕು ತಡೆಯುವ ದಿನಮಾತ್ರೆ ಕೊಟ್ಟು ನೋಡಿತು. ಬಹುತೇಕ ಎಲ್ಲರೂ ಕೊನೆವರೆಗೂ ಉಳಿದರು, ಹೊಸ ಸೋಂಕು ಒಂದೂ ಕಾಣಲಿಲ್ಲ. ಶ್ರೀರಂಗಪಟ್ಟಣದಿಂದ ಅರ್ಧ ಗಂಟೆ ದಾರಿಯಲ್ಲೇ ಸಿಕ್ಕ ಈ ಫಲಿತಾಂಶಕ್ಕೆ ನಮ್ಮ ಆರೋಗ್ಯ ಚರ್ಚೆಯಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಮಾತ್ರೆಗಿಂತ ಚುಚ್ಚುಮದ್ದು ಹಳ್ಳಿಗೆ ಹೆಚ್ಚು ಒಗ್ಗುತ್ತದೆ. ಕೂಡುಕುಟುಂಬದ ಮನೆಯಲ್ಲಿ ದಿನಾ ಒಂದು ಮಾತ್ರೆ ನುಂಗುವ ಸೊಸೆಗೆ ‘ಏನವ್ವಾ ಅದು ಮಾತ್ರೆ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಬೆಳ್ಳೂರು ಕ್ರಾಸಿನಲ್ಲಿ ಊಟಕ್ಕೆ ನಿಲ್ಲುವ ಲಾರಿ ಚಾಲಕನಿಗೆ, ಕಬ್ಬು ಕಡಿಯಲು ಊರೂರು ಅಲೆಯುವ ಕೂಲಿಗೆ ಮಾತ್ರೆಯ ಡಬ್ಬಿಯೇ ಹೊರೆ. ವರ್ಷಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿಬರುವುದು ಯಾರ ಕಣ್ಣಿಗೂ ಬೀಳದು. ಆದರೆ ಆ ಆಸ್ಪತ್ರೆ ಹತ್ತಿರವಿರಬೇಕು. ಕೆ.ಆರ್. ಪೇಟೆಯಿಂದ ಮಂಡ್ಯದ ದೊಡ್ಡಾಸ್ಪತ್ರೆಗೆ ಐವತ್ತು ಕಿಲೋಮೀಟರಿಗೂ ಮೇಲು. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋದರೆ ಎಂಥ ಮದ್ದಿದ್ದೂ ಇಲ್ಲದಂತೆಯೇ.

ಪ್ರತಿ ಡಿಸೆಂಬರ್ 1ರ ಏಡ್ಸ್ ದಿನಕ್ಕೆ ಶಾಲಾ ಮಕ್ಕಳಿಂದ ಜಾಥಾ ಮಾಡಿಸಿ ಫೋಟೊ ತೆಗೆಸಿಕೊಳ್ಳುವ ಉತ್ಸಾಹದಲ್ಲಿ ಅರ್ಧದಷ್ಟನ್ನು ಈ ಮದ್ದು ಜನರಿಗೆ ತಲುಪಿಸುವಲ್ಲಿ ತೋರಿಸಿದರೂ ಸಾಕು. ದೇಶದಲ್ಲಿ ಎಚ್‌ಐವಿ ಇರುವವರು ಸುಮಾರು 25 ಲಕ್ಷ. ಅವರ ಸಂಖ್ಯೆ ಹೆಚ್ಚಿರುವ ರಾಜ್ಯಗಳ ಸಾಲಿನಲ್ಲಿ ಮಹಾರಾಷ್ಟ್ರ, ಆಂಧ್ರದ ಜೊತೆಗೇ ಕರ್ನಾಟಕವೂ ಇದೆ. ಲಸಿಕೆಯ ಸಂಶೋಧನೆಗೆ ಹಣ ನಿಲ್ಲಬಾರದು, ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೆ ಬೇಕು. ಈಗಿನವರಿಗೆ ಬೇಕಾದದ್ದು ಈ ಚುಚ್ಚುಮದ್ದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ತಾಲ್ಲೂಕು ಆಸ್ಪತ್ರೆಗಳಲ್ಲೇ, ಹೆಸರು ಗುಟ್ಟಾಗಿಟ್ಟು, ಉಚಿತವಾಗಿ ಇದನ್ನು ಕೊಡಲು ರಾಜ್ಯ ಸರ್ಕಾರ ಮುಂದಿನ ಬಜೆಟ್ಟಿನಲ್ಲೇ ಹಣ ತೆಗೆದಿಡಲಿ.