ಕೀಲಿಕೈ ಯಾರ ಸೆರಗಿನಲ್ಲಿ?

ನಮ್ಮ ಮನೆಯ ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ಒಂದು ಡಾಜ್ ಕಿಂಗ್ಸ್‌ವೇ ಗಾಡಿ ನಿಂತಿದೆ. 1954ರ ಮಾಡೆಲ್ಲು. ಮೊನ್ನೆ ಬೆಳಗಾವಿ ಕಡೆಯಿಂದ ಹಳೆಯ ಗಾಡಿಗಳ ಹುಚ್ಚಿನವರೊಬ್ಬರು ಅದನ್ನು ನೋಡಲು ಬಂದಿದ್ದರು. ಬಾನೆಟ್ಟಿನ ಮೇಲೆ ಕೈಯಾಡಿಸಿದರು, ಬಗ್ಗಿ ಅಡಿಗೆ ನೋಡಿದರು, ಬಾಗಿಲನ್ನು ಹಾಕಿ ತೆಗೆದು ಅದರ ಸಪ್ಪಳ ಕೇಳಿದರು. ನನ್ನ ತಮ್ಮನೊಂದಿಗೆ ಒಂದು ತಾಸು ಮಾತಾಡಿದರು. ಚಹಾ ತಂದುಕೊಟ್ಟ ನಾನು ಅಲ್ಲೇ ನಿಂತು, "ಇದರ ಗೇರು ಎರಡನೆಯದಕ್ಕೆ ಬೀಳುವಾಗ ಸ್ವಲ್ಪ ತಡೀತದ, ಮೊದಲಿಂದಲೂ ಹಂಗ" ಎಂದೆ. ಅವರು ನನ್ನ ಕಡೆ ನೋಡಿ ನಕ್ಕು, ತಮ್ಮನಿಗೆ ಹೇಳಿದರು: "ಅಕ್ಕಾರಿಗೂ ಗೊತ್ತದಲ್ಲ!"

ಗೊತ್ತಿಲ್ಲದೆ ಏನು? ಆ ಗಾಡಿ ಮನೆಗೆ ಬಂದಾಗ ನನಗೆ ಆರು ವರ್ಷ. 1974. ನೂಲಿನ ವ್ಯಾಪಾರಕ್ಕೆ ಮುಂಬಯಿಗೆ ಹೋಗಿಬರುತ್ತಿದ್ದ ಅಪ್ಪ ಯಾರೋ ಗುಜರಾತಿ ವ್ಯಾಪಾರಿಯಿಂದ ಹಳೆಯ ಗಾಡಿ ಕೊಂಡು ತಂದರು. ಆಗಷ್ಟೇ ಪೆಟ್ರೋಲಿನ ಬೆಲೆ ಏರಿ, ದೊಡ್ಡ ಗಾಡಿ ಇಟ್ಟವರೆಲ್ಲ ಸಿಕ್ಕ ಬೆಲೆಗೆ ಮಾರುತ್ತಿದ್ದ ಕಾಲ. ರಬಕವಿಯ ನಮ್ಮ ಓಣಿಯಲ್ಲಿ ಅದು ಹಾಯ್ದರೆ ಎರಡೂ ಕಡೆಯ ಕಟ್ಟೆಯ ಮೇಲೆ ಕೂತವರು ಕಾಲು ಮೇಲೆತ್ತಿಕೊಳ್ಳಬೇಕಾಗಿತ್ತು.

ಅಮೆರಿಕೆಯಲ್ಲಿ ಡಾಜ್ ಅರಸರ ಗಾಡಿಯೇನಲ್ಲ, ಮಧ್ಯಮ ವರ್ಗದವರ ಗಾಡಿ. ಅಲ್ಲಿ ಶ್ರೀಮಂತರದೆಂದರೆ ಕ್ಯಾಡಿಲಾಕ್, ಪ್ಯಾಕಾರ್ಡ್, ಡ್ಯೂಸೆನ್‌ಬರ್ಗ್. ಆದರೆ ಮಗ್ಗದ ಊರಿಗೆ ಬಂದ ಮೇಲೆ ಡಾಜ್ ಕೂಡ ವಿಮಾನವೇ. ಅದರ ಬಿಡಿಭಾಗಗಳನ್ನು ತರಿಸಿಕೊಂಡು ಜೋಡಿಸುತ್ತಿದ್ದುದು ಮುಂಬಯಿಯ ಕುರ್ಲಾದಲ್ಲಿ. ವಾಲ್ಚಂದ್ ಹಿರಾಚಂದರು ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ. ಅದಕ್ಕೂ ಮೊದಲೇ, 1928ರಿಂದಲೇ, ಜನರಲ್ ಮೋಟಾರ್ಸ್‌ನವರು ಶಿವಡಿಯಲ್ಲಿ ಷೆವರ್ಲೆ ಜೋಡಿಸುತ್ತಿದ್ದರು. ಮುಂದೆ ಎಷ್ಟೋ ಅಮೆರಿಕನ್ ಗಾಡಿಗಳ ಎದೆ ಬಗೆದು ಡೀಸೆಲ್ ಇಂಜಿನ್ ಕೂಡಿಸಿ ಬಾಡಿಗೆಗೆ ಬಿಟ್ಟರು. ನಮ್ಮದು ಮಾತ್ರ ತನ್ನ ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್ನನ್ನೇ ಉಳಿಸಿಕೊಂಡಿತು. ಅದು ಅಪ್ಪನ ಹಟ.

ಉಳಿಸಿದವಳು ಅವ್ವ ಎಂದು ನಾನು ಹೇಳುತ್ತೇನೆ. ಅವ್ವ ಮದುವೆಗೆ ಮುಂಚೆ ತೌರಿನಲ್ಲಿ ಕಂಡಿಕೆ ಸುತ್ತಿದವಳು, ಮಗ್ಗದಲ್ಲಿ ಕೂತವಳು. ಮಗ್ಗದ ಸಪ್ಪಳದಲ್ಲೇ ಯಾವ ಎಳೆ ಹರಿಯಿತು, ಯಾವ ಹಲಗೆ ಸಡಿಲಾಯಿತು ಎಂದು ಹೇಳುವ ಕಿವಿ ಅವಳದು. ಒಮ್ಮೆ ಗಾಡಿ ಅಂಗಳದಲ್ಲಿ ನಿಂತು ನಡುಗುತ್ತಿತ್ತು. ಮಿಸ್ತ್ರಿ ಕಾರ್ಬೊರೇಟರ್ ಬಿಚ್ಚಲು ಹೊರಟಿದ್ದ. ಅವ್ವ ಅಡಿಗೆಮನೆಯಿಂದಲೇ ಕೂಗಿದಳು: "ಆರರಾಗ ಒಂದು ಲಾಳಿ ಹೊಡ್ಯಾಂಗಿಲ್ಲ, ಅದನ್ನ ನೋಡ್ರಿ." ನೋಡಿದರೆ ಒಂದು ಸ್ಪಾರ್ಕ್ ಪ್ಲಗ್ ಸತ್ತಿತ್ತು. ಅಪ್ಪ ಮುಂದೆ ಹತ್ತು ವರ್ಷ ಈ ಕಥೆ ಹೇಳಿದರು. ಕಥೆಯಲ್ಲಿ ಅದನ್ನು ಕಂಡುಹಿಡಿದವರು ಅಪ್ಪ.

ಹಳೆಯ ಗಾಡಿಗಳನ್ನು ಪ್ರೀತಿಸುವವರ ಮೇಲೆ ನನ್ನ ಜಗಳ ಇದೊಂದೇ. ಅವರ ಹುಚ್ಚಿನ ಮೇಲೆ ಅಲ್ಲ, ಆ ಹುಚ್ಚು ನನಗೂ ಇದೆ. ಈ ಪ್ರೀತಿಗೆ ಮೀಸೆ ಬೇಕು ಎಂದು ಅವರು ತಿಳಿದುಕೊಂಡಿದ್ದಾರಲ್ಲ, ಅದರ ಮೇಲೆ. ಅವರ ಮಾತು ಕೇಳಿ ನೋಡಿ: ಕ್ರೋಮಿಯಂ ಹೊಳಪು, ಚರ್ಮದ ಆಸನ, ಕ್ಯಾಡಿಲಾಕಿನ ಬಾಲದ ರೆಕ್ಕೆ. ಎರಡನೆಯ ಮಹಾಯುದ್ಧದ ಒಂದು ಯುದ್ಧವಿಮಾನದ ಬಾಲ ನೋಡಿ 1948ರ ಕ್ಯಾಡಿಲಾಕಿಗೆ ಸಣ್ಣ ರೆಕ್ಕೆ ಅಂಟಿಸಿದರಂತೆ. 1959ರ ಹೊತ್ತಿಗೆ ಅದು ಮೀನಿನ ಈಜುರೆಕ್ಕೆಗಿಂತ ಚೂಪಾಗಿ ಆಕಾಶಕ್ಕೆ ಎದ್ದಿತ್ತು. ಚಂದವೇ, ಇಲ್ಲವೆನ್ನುವುದಿಲ್ಲ. ಆದರೆ ಅದೇ ಕ್ಯಾಡಿಲಾಕ್ 1912ರ ಮಾಡೆಲ್ಲಿಗೆ ಚಾರ್ಲ್ಸ್ ಕೆಟರಿಂಗ್ ಎಂಬಾತನ ವಿದ್ಯುತ್ ಸ್ಟಾರ್ಟರ್ ಹಾಕಿತು ಎಂಬುದನ್ನು ಎಷ್ಟು ಜನ ಇಷ್ಟೇ ಪ್ರೀತಿಯಿಂದ ಹೇಳುತ್ತಾರೆ? ಅದಕ್ಕೆ ಮೊದಲು ಗಾಡಿಯ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುವಬೇಕಿತ್ತು. ಇಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಹೆಣ್ಣುಮಕ್ಕಳಿಗೆ ಗಾಡಿ ಹೊಡೆಯಲು ಆಗದು ಎಂಬುದಕ್ಕೆ ಗಂಡಸರು ಕೊಡುತ್ತಿದ್ದ ದೊಡ್ಡ ಕಾರಣವೇ ಆ ಹ್ಯಾಂಡಲ್. ಗುಂಡಿ ಒತ್ತಿದರೆ ಸಾಕೆಂದಾಗ ಕಾರಣ ಹೋಯಿತು.

ಹಾಗೆಂದು ಎಲ್ಲರೂ ಗುಂಡಿಗಾಗಿ ಕಾಯುತ್ತಲೂ ಕೂತಿರಲಿಲ್ಲ. 1909ರಲ್ಲಿ ಆಲಿಸ್ ರಾಮ್ಸೆ ಎಂಬ 22 ವರ್ಷದ ಹೆಣ್ಣುಮಗಳು, ಒಂದು ಕೂಸಿನ ತಾಯಿ, ಮ್ಯಾಕ್ಸ್‌ವೆಲ್ ಗಾಡಿಯಲ್ಲಿ ನ್ಯೂಯಾರ್ಕಿನಿಂದ ಹೊರಟು 59 ದಿನಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿದಳು. ಜೊತೆಗೆ ಮೂವರು ಹೆಂಗಸರಿದ್ದರು. ಮೂವರಿಗೂ ಗಾಡಿ ಹೊಡೆಯಲು ಬರುತ್ತಿರಲಿಲ್ಲ! ದಾರಿಯ ಬಹುಭಾಗ ಕೆಸರು, ನಕಾಶೆಯೂ ನೆಟ್ಟಗಿಲ್ಲ. ಟೈರು ಬದಲಿಸಿದವಳೂ ಅವಳೇ. ಆ ಮ್ಯಾಕ್ಸ್‌ವೆಲ್ ಕಂಪನಿಯೇ ಮುಂದೆ ಕ್ರೈಸ್ಲರ್ ಆಯಿತು, ಕ್ರೈಸ್ಲರ್ 1928ರಲ್ಲಿ ಡಾಜನ್ನು ಕೊಂಡಿತು. ಆದ್ದರಿಂದ ನಮ್ಮ ಹಿತ್ತಿಲಿನ ಗಾಡಿಗೂ ಆ ಆಲಿಸಳಿಗೂ ದೂರದ ನೆಂಟಸ್ತಿಕೆ ಇದೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ.

ಇಷ್ಟೆಲ್ಲ ಆದ ಮೇಲೂ ಕಂಪನಿಯವರು ಹೆಂಗಸರ ಬಗ್ಗೆ ಏನು ತಿಳಿದುಕೊಂಡರು ಗೊತ್ತೇ? 1955ರಲ್ಲಿ ಡಾಜ್‌ನವರು ಹೆಣ್ಣುಮಕ್ಕಳಿಗೆಂದೇ 'ಲಾ ಫೆಮ್' ಎಂಬ ಗುಲಾಬಿ ಬಣ್ಣದ ಗಾಡಿ ತಂದರು. ಅದರೊಡನೆ ಗುಲಾಬಿ ಕೈಚೀಲ, ಪೌಡರಿನ ಡಬ್ಬಿ, ಲಿಪ್‌ಸ್ಟಿಕ್ಕಿನ ಕರಡಿಗೆ, ಬಾಚಣಿಗೆ, ಕೊಡೆ! ಎರಡೇ ವರ್ಷಕ್ಕೆ ನಿಲ್ಲಿಸಬೇಕಾಯಿತು, ಕೊಳ್ಳುವವರಿರಲಿಲ್ಲ. ಪ್ಯಾಕಾರ್ಡ್‌ನವರದು ಇನ್ನೊಂದು ತಮಾಷೆ. ಅವರ ಪ್ರಸಿದ್ಧ ಜಾಹೀರಾತಿನ ಸಾಲಿನ ಅರ್ಥ, 'ಇಟ್ಟುಕೊಂಡಿರುವ ಗಂಡಸನ್ನು ಕೇಳಿ' ಎಂದು. ಹೆಂಗಸು ಎಲ್ಲಿದ್ದಳು ಎಂದರೆ ಬಾನೆಟ್ಟಿನ ತುದಿಯಲ್ಲಿ ನಿಕ್ಕಲ್ ಲೇಪದ ರೆಕ್ಕೆಯ ದೇವಿಯಾಗಿ ಗಾಳಿಗೆ ಮುಖವೊಡ್ಡಿ ನಿಂತಿದ್ದಳು. 1958ರಲ್ಲಿ ಪ್ಯಾಕಾರ್ಡ್ ಮುಚ್ಚಿಹೋಯಿತು. ನನಗೇನೂ ಸಂತೋಷವಿಲ್ಲ, ಚಂದದ ಗಾಡಿ.

ನಾವೂ ಕಡಿಮೆಯಿಲ್ಲ. ಆಯುಧಪೂಜೆಯ ದಿನ ಗಾಡಿ ತೊಳೆಯುವವರು ನಾವು, ವಿಭೂತಿ-ಕುಂಕುಮ ಹಚ್ಚುವವರು ನಾವು, ಆರತಿ ಎತ್ತುವವರು ನಾವು. ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಬದಿಗೆ ಸರಿಯುವವರೂ ನಾವೇ. ಅದರ ಮೇಲೆ ಹಾಯಿಸುವುದು ಮಾತ್ರ ಅವರ ಕೆಲಸ.

ಕೆಲವು ಗೆಳತಿಯರು ಕೇಳುತ್ತಾರೆ: "ಊರಾಗ ಮಗ್ಗ ಮಾರಿಕೊಂಡ ಮನಿ ಎಷ್ಟ ಅದಾವು, ನಿನಗ ಹಳೇ ತಗಡಿನ ಚಿಂತಿ ಏನ?" ಪ್ರಶ್ನೆ ಹಗುರದ್ದಲ್ಲ. ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗದ ಸಪ್ಪಳ ಅಡಗಿ ವಿದ್ಯುತ್ ಮಗ್ಗದ್ದು ಎದ್ದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿದ ಗಾಡಿಗೆ ಕೇಂದ್ರ ಸರಕಾರ 2021ರಲ್ಲಿ ಬೇರೆಯೇ ನಿಯಮ ಮಾಡಿತು: 20 ಸಾವಿರ ರೂಪಾಯಿ ಶುಲ್ಕ, ವಿಂಟೇಜ್ ಎಂದು ಬೇರೆ ನಂಬರ್ ಪಟ್ಟಿ. ಅದರ ಹಿಂದಿನ ವರ್ಷವೇ, 2020ರಲ್ಲಿ, ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ಅದೇ ಸರಕಾರ ರದ್ದು ಮಾಡಿತ್ತು. ಸಿಟ್ಟು ನನಗೂ ಬರುತ್ತದೆ. ಆದರೆ ಗಂಡಸು ಗಾಡಿ ಇಟ್ಟರೆ ಅದು ಶೋಕಿ, ಪರಂಪರೆ. ಹೆಂಗಸು ಕೇಳಿದರೆ ಊರಿನ ಬಡತನದ ಲೆಕ್ಕ ಒಪ್ಪಿಸಬೇಕು. ಈ ಲೆಕ್ಕ ನನ್ನ ತಮ್ಮನನ್ನು ಯಾರೂ ಕೇಳಲಿಲ್ಲ. (ಐವತ್ತು ದಾಟಿದ ಗಾಡಿಗೆ ಸಿಕ್ಕ ಮರ್ಯಾದೆ ಐವತ್ತು ದಾಟಿದ ಶಿಕ್ಷಕಿಗೂ ಸಿಕ್ಕರೆ ಬೇಡವೆನ್ನುವುದಿಲ್ಲ.)

"ಸ್ಟೀರಿಂಗ್ ಬಲು ಜಡ, ಹೆಂಗಸರ ತೋಳಿಗೆ ಆಗೂದಿಲ್ಲ" ಎನ್ನುವವರೂ ಇದ್ದಾರೆ. ದಿನಕ್ಕೆ ಸಾವಿರ ಸಲ ಹಲಗೆ ಬಡಿಯುವ ತೋಳನ್ನು ಇವರು ನೋಡಿಲ್ಲವೇ? ಜಡವೆಂದೇ ಅದಕ್ಕೆ ಅಷ್ಟು ದೊಡ್ಡ ಚಕ್ರ ಇಟ್ಟಿರುವುದು.

ಕೆಲವು ವರ್ಷಗಳ ಹಿಂದೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋಗಿದ್ದೆ. ಅಲ್ಲಿಯ ಹಳೆಯ ಕಾರುಗಳ ಸಂಗ್ರಹದ ಮುಂದೆ ಹುಡುಗರು ಇಂಜಿನ್ನು, ಮೈಲೇಜು ಎಂದು ಗದ್ದಲವೆಬ್ಬಿಸಿದರು. ಹುಡುಗಿಯರು ಹಿಂದೆ ಸಾಲಾಗಿ ನಿಂತರು. ಏಳನೆಯ ತರಗತಿಯ ಒಬ್ಬಳು ನನ್ನ ಸೆರಗು ಜಗ್ಗಿ, "ಟೀಚರ್, ಇದರಾಗ ಹೆಂಗಸರು ಎಲ್ಲಿ ಕೂಡ್ತಿದ್ರು?" ಎಂದಳು. ಹಿಂದಿನ ಸೀಟು ತೋರಿಸಲು ಎತ್ತಿದ ಕೈಯನ್ನು ನಾನು ಕೆಳಗಿಳಿಸಿದೆ. ಆ ದಿನ ಅವಳಿಗೆ ಆಲಿಸಳ ಕಥೆ ಹೇಳಿದೆ. ಊರಿಗೆ ಬಂದು ಡ್ರೈವಿಂಗ್ ಶಾಲೆಗೆ ಹೆಸರು ಕೊಟ್ಟೆ. 51ನೆಯ ವಯಸ್ಸಿಗೆ ಲೈಸೆನ್ಸ್ ಬಂತು.

ಈಗ ಮುಖ್ಯ ಮಾತು. ಅಪ್ಪ ಮೃತ್ಯುಪತ್ರ ಬರೆಯದೆ ತೀರಿಕೊಂಡರು. ಸ್ವಂತ ಗಳಿಕೆಯ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 1956ರ ಕಾಯ್ದೆ ಹೇಳುತ್ತದೆ. ಆದರೂ ತಿಥಿ ಮುಗಿದ ಮೇಲೆ ನಾನೂ ನನ್ನ ತಂಗಿಯೂ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆವು. ಒಂದೊಂದು ಸೀರೆ, ಅರಿಷಿಣ ಕುಂಕುಮ, ಹೋಳಿಗೆ ಊಟ. ತೌರಿನ ಬಾಗಿಲು ಮುಚ್ಚದಿರಲಿ ಎಂದು ನಿಮ್ಮಲ್ಲಿ ಎಷ್ಟು ಜನ ಸಹಿ ಹಾಕಿಲ್ಲ ಹೇಳಿ. ಹೊಲ ಬಿಟ್ಟೆ, ಮನೆ ಬಿಟ್ಟೆ, ಅದರ ಬಗ್ಗೆ ಇವತ್ತು ತಕರಾರು ತೆಗೆಯುವುದಿಲ್ಲ. ಆದರೆ ಆ ಪತ್ರವನ್ನು ಮೊನ್ನೆ ಟ್ರಂಕಿನಿಂದ ತೆಗೆದು ಎರಡು ಸಲ ಓದಿದೆ. ಹೊಲದ ಸರ್ವೆ ನಂಬರು ಇದೆ, ಮನೆಯ ಚೆಕ್ಕುಬಂದಿ ಇದೆ. ಗಾಡಿಯ ಹೆಸರೇ ಇಲ್ಲ. ಅದನ್ನು ಹೆಂಗಸರಿಂದ ಬರೆಸಿಕೊಳ್ಳಬೇಕು ಎಂಬುದು ಆಗ ಯಾರ ತಲೆಗೂ ಹೊಳೆದಿಲ್ಲ.

ತಮ್ಮನಿಗೆ ತೋರಿಸಿದೆ. ಓದಿ ನಕ್ಕ. ನಂತರ ನಗು ನಿಲ್ಲಿಸಿದ. "ನೀ ಅದನ್ನ ತೊಗೊಂಡು ಏನ ಮಾಡ್ತಿ ಯಕ್ಕಾ?" ಎಂದ. "ಹೊಡೀತೀನಿ" ಎಂದೆ. ಬೆಳಗಾವಿಯವರಿಗೆ ಇನ್ನೂ ಮಾತು ಕೊಟ್ಟಿಲ್ಲವಂತೆ. ತಂಗಿ ಫೋನಿನಲ್ಲಿ, "ಬ್ಯಾಟರಿ ಖರ್ಚು ನನ್ನದು" ಎಂದಿದ್ದಾಳೆ. ಬರುವ ಆಯುಧಪೂಜೆಗೆ ಆರತಿ ತಟ್ಟೆ ಹಿಡಿಯಲು ನಾದಿನಿಗೆ ಹೇಳಿಟ್ಟಿದ್ದೇನೆ. ಲಿಂಬೆಹಣ್ಣು ತಮ್ಮ ಇಡಲಿ.