ಮೈಕ್ರಾನ್ ಲೆಕ್ಕ ಸರಿ, ಬಿಲ್ಲಿನ ಲೆಕ್ಕ?

ಬೆಳಿಗ್ಗೆ ಏಳೂವರೆ ಹೊತ್ತಿಗೆ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿನಿಂದ ದಬದಬ ಇಳಿಯುವವರ ಕೈ ನೋಡಿ. ಒಂದು ಕೈಯಲ್ಲಿ ಊಟದ ಡಬ್ಬಿ. ಇನ್ನೊಂದು ಕೈಯ ಉಗುರು ಸಂದಿಯಲ್ಲಿ ಎಷ್ಟು ಸೋಪು ತಿಕ್ಕಿದರೂ ಹೋಗದ ಕರೀ ಎಣ್ಣೆ. ಆ ಕೈ ತಿರುಗಿಸಿದ ಕಬ್ಬಿಣ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ, ಯಾವುದೋ ಕಂಪನಿಗೆ ಹೋಗತ್ತೆ ಸಾರ್ ಅಂದಾನು ಅಷ್ಟೆ. ಹೊರದೇಶದ ಟ್ರ್ಯಾಕ್ಟರಿಗೆ ಹೋಗಿರಬಹುದು. ವಿಮಾನದ ರೆಕ್ಕೆಗೂ ಹೋಗಿರಬಹುದು.

ವಿಮಾನದ ರೆಕ್ಕೆ ಅಂದರೆ ನಗಬೇಕಾಗಿಲ್ಲ. 1973ರಲ್ಲಿ ಹುಟ್ಟಿ, ಪೀಣ್ಯದಲ್ಲಿ ಬೇರು ಬಿಟ್ಟ ಡೈನಮ್ಯಾಟಿಕ್ ಎಂಬ ಕಂಪನಿ ಮಾಡುತ್ತಿದ್ದದ್ದು ಟ್ರ್ಯಾಕ್ಟರಿಗೆ ಬೇಕಾದ ಹೈಡ್ರಾಲಿಕ್ ಪಂಪು. 2007ರಲ್ಲಿ ಅದು ಇಂಗ್ಲೆಂಡಿನ ಸ್ವಿಂಡನ್ ಊರಿನ ಪಂಪು ಕಾರ್ಖಾನೆಯನ್ನೇ ಕೊಂಡುಕೊಂಡಿತು. ಬಿಳಿಯರ ನಾಡಿನ ಕಾರ್ಖಾನೆಗೆ ಬೆಂಗಳೂರಿನವರು ಯಜಮಾನರಾದರು! ಏರ್‌ಬಸ್ 320 ವಿಮಾನದ ರೆಕ್ಕೆಯ ಹಿಂದೆ, ಇಳಿಯುವಾಗ ಚಾಚಿಕೊಳ್ಳುವ ಫ್ಲ್ಯಾಪು ಇರುತ್ತದಲ್ಲ, ಅದು ಜಾರುವ ತೊಲೆಯನ್ನು ಇದೇ ಕಂಪನಿ ಮಾಡಿಕೊಡುತ್ತದೆ. 2024ರ ಫೆಬ್ರವರಿಯಲ್ಲಿ ಏರ್‌ಬಸ್ 220 ವಿಮಾನದ ಬಾಗಿಲುಗಳನ್ನೆಲ್ಲ ಮಾಡುವ ಆರ್ಡರೂ ಸಿಕ್ಕಿತು. ಕಂಪನಿ ಈಗ ದೇವನಹಳ್ಳಿ ಕಡೆಗೂ ಹಬ್ಬಿದೆ.

ಇದು ಹೇಗಾಯಿತು? ನಮ್ಮಲ್ಲಿ ಕೂಲಿ ಅಗ್ಗ, ಅದಕ್ಕೇ ಹೊರದೇಶದವರು ಬರುತ್ತಾರೆ ಎಂದು ಹೇಳುವ ಪಂಡಿತರಿದ್ದಾರೆ. ಕೂಲಿ ಅಗ್ಗವಾದ ಊರು ಭೂಮಿಯ ಮೇಲೆ ಸಾವಿರ ಇವೆ ಸ್ವಾಮಿ. ಅಲ್ಲೆಲ್ಲ ವಿಮಾನದ ಬಾಗಿಲು ಆಗುತ್ತಿದೆಯೇ?

ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು. ಹೊರದೇಶದ ಡ್ರಾಯಿಂಗಿನಲ್ಲಿ ಹತ್ತು ಮೈಕ್ರಾನು ಹೆಚ್ಚುಕಡಿಮೆ ಆದರೆ ಮಾಲು ವಾಪಸ್ ಎಂದು ಬರೆದಿರುತ್ತದೆ. ಒಂದು ಪೀಸು ಹಾಗೆ ಮಾಡುವುದು ಕಷ್ಟವಲ್ಲ, ನಮ್ಮ ಟರ್ನರುಗಳು ಕಣ್ಣು ಮುಚ್ಚಿ ಮಾಡುತ್ತಾರೆ. ಹತ್ತು ಸಾವಿರ ಪೀಸು ಒಂದೇ ಥರ ಮಾಡಿ, ಹೇಳಿದ ತಾರೀಖಿಗೆ ಹಡಗು ಹತ್ತಿಸುವುದಿದೆಯಲ್ಲ, ಅಲ್ಲಿದೆ ಕಷ್ಟ. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವಾರ ಒಳ್ಳೇ ತೊಗರಿಬೇಳೆ ಕೊಟ್ಟು ಮುಂದಿನ ವಾರ ಹುಳ ಬಿದ್ದದ್ದು ಕೊಟ್ಟರೆ ಗಿರಾಕಿ ಎದುರಂಗಡಿ ಮೆಟ್ಟಿಲು ಹತ್ತುತ್ತಾನೆ. ಜರ್ಮನಿಯ ಗಿರಾಕಿಯೂ ಅದೇ ಜಾತಿ.

ಈ ಅಳತೆಯ ಶಿಸ್ತು ಆಕಾಶದಿಂದ ಉದುರಲಿಲ್ಲ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಎದ್ದಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜತೆ ಸೇರಿ ವಾಚು ಶುರುವಾಯಿತು. ತುಮಕೂರು ರಸ್ತೆಯಲ್ಲಿ ಯಂತ್ರ ವಿನ್ಯಾಸದ ಕೇಂದ್ರ ಸಂಸ್ಥೆ ಸಿಎಂಟಿಐ ಬಂತು. ಹಳ್ಳಿಯಿಂದ ಬಂದ ಹುಡುಗರು ಐಟಿಐ ಮುಗಿಸಿ ಅಪ್ರೆಂಟಿಸ್ ಸೇರಿ, ಮೈಕ್ರೋಮೀಟರು ಹಿಡಿಯುವುದನ್ನು ಕಲಿತರು. ಹಾಗೆ ಕಲಿತವರಲ್ಲಿ ಎಷ್ಟೋ ಮಂದಿ ಆಮೇಲೆ ಕೆಲಸ ಬಿಟ್ಟು, ಹೆಂಡತಿಯ ಒಡವೆ ಅಡವಿಟ್ಟು, ಪೀಣ್ಯದಲ್ಲಿ ಒಂದು ಲೇತು ಹಾಕಿ ಕೂತರು. ಸರ್ಕಾರ 2016ರಲ್ಲಿ ಎಚ್‌ಎಂಟಿ ವಾಚು ಕಂಪನಿಗೆ ಬೀಗ ಹಾಕುವ ತೀರ್ಮಾನ ಮಾಡಿತು. ನಷ್ಟದ ಲೆಕ್ಕ ಬರೆದವರು, ಅದು ಸಂಬಳ ಕೊಟ್ಟು ಕಲಿಸಿ ಕಳಿಸಿದ ಕೈಗಳ ಲೆಕ್ಕವನ್ನು ಯಾವ ಕಾಲಮ್ಮಿನಲ್ಲಿ ಬರೆದರೋ ಕಾಣೆ.

1979ರಲ್ಲಿ ಮೂವರು ಎಂಜಿನಿಯರುಗಳು ಶುರು ಮಾಡಿದ ಪೀಣ್ಯದ ಏಸ್ ಡಿಸೈನರ್ಸ್ ಈಗ ಸಿಎನ್‌ಸಿ ಲೇತುಗಳನ್ನೇ ಮಾಡುತ್ತಿದೆ. 1991ರಲ್ಲಿ ಆಮದಿನ ಬಾಗಿಲು ತೆರೆದ ಮೇಲೆ, ಲೈಸೆನ್ಸ್ ರಾಜ್ಯದ ನೆರಳಲ್ಲಿ ಬೆಳೆದ ಎಷ್ಟೋ ಹೆಸರುಗಳು ಒಣಗಿದವು. ತೈವಾನು, ಜಪಾನುಗಳ ಯಂತ್ರದ ಪಕ್ಕ ತಮ್ಮದನ್ನೂ ನಿಲ್ಲಿಸಿ ಅಳೆದು ನೋಡಿ ಎಂದವರು ಉಳಿದರು.

ಇನ್ನೊಂದು ಗುಟ್ಟು ನೆರೆಹೊರೆ. ಪೀಣ್ಯ ಏಷ್ಯಾಕ್ಕೇ ದೊಡ್ಡದು ಅಂತ ಭಾಷಣದಲ್ಲಿ ಕೇಳಿ ಕೇಳಿ ಕಿವಿ ತೂತಾಗಿದೆ, ಅದಿರಲಿ. ಒಂದು ಶಾಫ್ಟು ಇಲ್ಲಿ ಹೇಗೆ ತಯಾರಾಗುತ್ತದೆ ನೋಡಿ. ಒಬ್ಬರ ಶೆಡ್ಡಿನಲ್ಲಿ ಕಟಿಂಗು, ಪಕ್ಕದ ಕ್ರಾಸಿನಲ್ಲಿ ಟರ್ನಿಂಗು, ಗೂಡ್ಸ್ ಆಟೋದಲ್ಲಿ ಹೀಟ್ ಟ್ರೀಟ್‌ಮೆಂಟಿಗೆ, ಅಲ್ಲಿಂದ ಗ್ರೈಂಡಿಂಗು, ಆಮೇಲೆ ಪ್ಲೇಟಿಂಗು. ಐದು ಮಂದಿಯ ಕೈ ದಾಟಿ ಆರನೆಯವರ ಹೆಸರಿನಲ್ಲಿ ಪ್ಯಾಕಾಗುತ್ತದೆ. ತೈವಾನಿನ ತೈಚುಂಗ್ ಊರಿನ ಸುತ್ತಲೂ ಹೀಗೇ ಸಣ್ಣ ಸಣ್ಣ ಶೆಡ್ಡುಗಳು ಸೇರಿಯೇ ಆ ಪುಟ್ಟ ದ್ವೀಪ ಜಗತ್ತಿಗೆಲ್ಲ ಯಂತ್ರ ಮಾರುವಂತಾಯಿತು.

ಇಷ್ಟು ಹೇಳಿದ ಮೇಲೆ ಬಿಲ್ಲಿನ ವಿಷಯಕ್ಕೆ ಬರಬೇಕು. ಆರನೆಯವರಿಗೆ ಡಾಲರು ಬರುತ್ತದೆ. ಮೊದಲಿನ ಐದು ಮಂದಿಗೆ?

ಕಾನೂನು ಚೆನ್ನಾಗಿದೆ. 2006ರ ಕಾಯ್ದೆ ಪ್ರಕಾರ ಸಣ್ಣ ಕೈಗಾರಿಕೆಯವರ ಹಣ 45 ದಿನದೊಳಗೆ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಬಡ್ಡಿ ಕೇಳಿದವನಿಗೆ ಮುಂದಿನ ಆರ್ಡರು ಸಿಗುವುದುಂಟೇ? ತೊಂಬತ್ತು ದಿನ, ನೂರಿಪ್ಪತ್ತು ದಿನ ಕಾದು, ಫೋನು ಮಾಡಿದರೆ ಅಕೌಂಟ್ಸಿನವರು ರಜ ಎಂಬ ಉತ್ತರ ಕೇಳಿ ಸುಮ್ಮನಾಗುತ್ತಾರೆ. ಅತ್ತ ಮಾಲಿನ ಬಿಲ್ಲು ಬರೆದ ತಪ್ಪಿಗೆ ಮರುತಿಂಗಳು 20ನೇ ತಾರೀಖಿಗೆ ಜಿಎಸ್‌ಟಿ ಕಟ್ಟಲೇಬೇಕು. ಕೈಗೆ ಬಾರದ ದುಡ್ಡಿಗೆ ತೆರಿಗೆ!

ಕಾಲಕ್ಕೆ ಹಣ ಕೊಡದಿದ್ದರೆ ಆ ಖರ್ಚನ್ನು ಆ ವರ್ಷ ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ ಎಂದು 2023ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಬಿಗಿ ಮಾಡಿತು. ಒಳ್ಳೆಯದೇ. ಆದರೆ ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವವರಿರುತ್ತಾರೆ. ನಿಮ್ಮ ಸಣ್ಣ ಕೈಗಾರಿಕೆ ನೋಂದಣಿ ರದ್ದು ಮಾಡಿಸಿಕೊಂಡು ಬನ್ನಿ, ಆಮೇಲೆ ಆರ್ಡರು ಅಂದರಂತೆ ಎಂಬ ದೂರು 2024ರಲ್ಲಿ ದೇಶದ ನಾನಾ ಕಡೆ ಕೇಳಿಬಂತು.

ಶೆಡ್ಡಿನವನ ತೊಂದರೆ ರಫ್ತಿಗೆ ಯಾಕೆ ಅಂತ ಕೇಳಬಹುದು. ಬಿಲ್ಲು ಬಾರದವನು ಸವೆದ ಟೂಲನ್ನೇ ಇನ್ನೆರಡು ದಿನ ಓಡಿಸುತ್ತಾನೆ. ಗೇಜು ಪರೀಕ್ಷೆಗೆ ಕಳಿಸುವುದನ್ನು ಮುಂದಿನ ತಿಂಗಳಿಗೆ ಹಾಕುತ್ತಾನೆ. ಒಳ್ಳೇ ಆಪರೇಟರು ಎರಡು ಸಾವಿರ ಹೆಚ್ಚು ಕೇಳಿದರೆ ಕೈ ಮುಗಿದು ಕಳಿಸುತ್ತಾನೆ. ಹತ್ತು ಮೈಕ್ರಾನು ತಪ್ಪುವುದು ಅಲ್ಲೇ. ರಿಜೆಕ್ಟಾದ ಮಾಲು ಹಡಗಿನಲ್ಲಿ ವಾಪಸು ಬಂದಾಗ ಆರನೆಯವರು ಅವನ ಕಡೆ ಬೆರಳು ತೋರಿಸುತ್ತಾರೆ.

ರಸ್ತೆಯ ಕಥೆ ಬಸ್ಸಿನವರಿಗೆ ಹೇಳುವುದೇ ಬೇಡ. ಪೀಣ್ಯ ಮೇಲ್ಸೇತುವೆಯ ಕೇಬಲು ಕೈಕೊಟ್ಟು 2021ರ ಡಿಸೆಂಬರಿನಲ್ಲಿ ಮುಚ್ಚಿದ್ದು, ಲಾರಿ ಬಸ್ಸಿಗೆ ಮತ್ತೆ ದಾರಿ ಬಿಟ್ಟದ್ದು 2024ರ ಜುಲೈನಲ್ಲಿ. ಎರಡೂವರೆ ವರ್ಷ ಕಂಟೇನರುಗಳು ಕೆಳಗಿನ ರಸ್ತೆಯಲ್ಲಿ ಬಸ್ಸಿನ ಜತೆ ತೆವಳಿದವು. ಹಡಗು ಕಾಯುತ್ತದೆಯೇ?

ಮೇಲೆ ಅಮೆರಿಕದ ಪೆಟ್ಟು. 2025ರ ಆಗಸ್ಟಿನಲ್ಲಿ ಅಲ್ಲಿನ ಸರ್ಕಾರ ಭಾರತದ ಬಹುಪಾಲು ಮಾಲಿನ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿತು. ಇಂಥ ಏಟು ಬಿದ್ದಾಗೆಲ್ಲ ಮೇಲಿನವರು ರೇಟು ಇಳಿಸಿ ಅಂತ ಕೆಳಗಿನವರಿಗೆ ಪತ್ರ ಬರೆಯುತ್ತಾರೆ. ಅಂಥ ಪತ್ರ ಮಾತ್ರ 45 ದಿನ ಕಾಯುವುದಿಲ್ಲ, ಅವತ್ತೇ ಬರುತ್ತದೆ.

ಸರ್ಕಾರ ಹೊಸ ಯೋಜನೆ ಹುಡುಕಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸಣ್ಣವರಿಗೆ 45 ದಿನ ಮೀರಿ ಎಷ್ಟು ಬಾಕಿ ಇಟ್ಟಿದ್ದೇವೆ ಅಂತ ಕಂಪನಿಗಳು ಆರು ತಿಂಗಳಿಗೊಮ್ಮೆ ಬರೆದು ಕೊಡಬೇಕೆಂಬ ನಿಯಮ 2019ರಿಂದಲೇ ಇದೆ. ಆ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪೀಣ್ಯದ ಮೆಟ್ರೋ ನಿಲ್ದಾಣದ ಗೋಡೆಗೆ ಅಂಟಿಸಲಿ. ರಫ್ತು ಪ್ರಶಸ್ತಿ ಕೊಡುವ ದಿನ, ಶಾಲು ಹೊದಿಸುವ ಮುಂಚೆ, ಐದು ಶೆಡ್ಡಿನವರಿಗೆ ಎಷ್ಟು ದಿನಕ್ಕೆ ದುಡ್ಡು ಕೊಟ್ಟಿರಿ ಅಂತ ಮಂತ್ರಿಗಳು ವೇದಿಕೆಯ ಮೇಲೇ ಒಂದು ಮಾತು ಕೇಳಲಿ.