ಮನೆವಾರ್ತೆ: ಹಳೆಯ ದ್ರಾಕ್ಷಾರಸದ ಹದ

ಹಳೆಯದೆಲ್ಲ ಹೊನ್ನಲ್ಲ ಎಂಬ ಮಾತನ್ನು ನಮ್ಮ ಮನೆಗಳ ಹಿರಿಯ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಅಕ್ಕಿ ಒಂದು ವರ್ಷ ಹಳೆಯದಾದರೆ ಅನ್ನ ಬಿಡಿಬಿಡಿಯಾಗಿ ಅರಳುತ್ತದೆ; ಆದರೆ ಬೀಸಿಟ್ಟ ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಬಡಿಯುವಾಗಲೇ ಸೀಳುತ್ತದೆ. ಹುಣಸೆ ಕಪ್ಪೇರಿದಷ್ಟೂ ಸಾರಿಗೆ ಹದ; ಶೇಂಗಾ ಎಣ್ಣೆ ಹಳೆಯದಾದರೆ ಕಮಟು. ಯಾವುದನ್ನು ಇಡಬೇಕು, ಎಲ್ಲಿ ಇಡಬೇಕು, ಎಷ್ಟು ದಿನ ಇಡಬೇಕು ಎಂಬುದು ಮನೆವಾರ್ತೆಯ ಅರ್ಧ ವಿದ್ಯೆಯೆಂದೇ ಹೇಳಬೇಕು.

ಈ ಸಲ ನಾವು ಎತ್ತಿಕೊಂಡಿರುವ ವಸ್ತುವನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಯೆರವಡಾ, ಕಲ್ಯಾಣಿನಗರ, ವಿಮಾನನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳು ಈಗ ದೇಶದೇಶಗಳಲ್ಲಿ ನೌಕರಿಯಲ್ಲಿದ್ದಾರೆ. ರಜೆಗೆ ಬರುವಾಗ ಪ್ರೀತಿಯಿಂದ ಒಂದು ಬಾಟಲಿ ಇಟಲಿಯ ಕೆಂಪು ವೈನು ತರುತ್ತಾರೆ. "ಇದು ಹಳೆಯದಾದಷ್ಟೂ ಒಳ್ಳೆಯದಂತೆ, ಮೊಮ್ಮಗಳ ಮದುವೆಯ ತನಕ ಇಡಿರಿ" ಎಂದು ಹೇಳಿ ಹೋಗುತ್ತಾರೆ. ಬಾಟಲಿ ಅಟ್ಟದ ಮೇಲೆ, ಹಾಸಿಗೆಯ ಗಂಟಿನ ಪಕ್ಕದಲ್ಲಿ ಕುಳಿತಿರುತ್ತದೆ. ಇಡುವುದು ಹೇಗೆಂದು ಕೇಳುವವರಿದ್ದಾರೆ; ರುಚಿ ನೋಡುವ ಕ್ರಮವೇನೆಂದು ಕೇಳುವವರಿದ್ದಾರೆ. ಇದು ನಮ್ಮ ಮನೆಯಲ್ಲಿ ಇರಬೇಕೇ ಎಂಬ ಮೂರನೆಯ ಪ್ರಶ್ನೆಯನ್ನು ಮಾತ್ರ ಹಲವರು ಬಾಯಿಬಿಟ್ಟು ಕೇಳುವುದಿಲ್ಲ. ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲು ಒಂದು ಭ್ರಮೆಯನ್ನು ಕಳೆಯಬೇಕು. ಹಳೆಯದಾದಷ್ಟೂ ಒಳ್ಳೆಯದೆಂಬ ಮಾತು ಎಲ್ಲ ವೈನಿಗೂ ಸಲ್ಲುವುದಿಲ್ಲ. ಲೋಕದಲ್ಲಿ ತಯಾರಾಗುವ ವೈನಿನ ಬಹುಪಾಲು ಒಂದೆರಡು ವರ್ಷಗಳಲ್ಲೇ ಕುಡಿದು ಮುಗಿಸಲೆಂದು ಮಾಡಿದ್ದು. ವರ್ಷಗಟ್ಟಲೆ ಇಟ್ಟರೆ ಏಳಿಗೆ ಹೊಂದುವಂಥವು ಕೆಲವೇ. ಅಂಥ ಕೆಲವರಲ್ಲಿ ಇಟಲಿಯ ಎರಡು ಹೆಸರುಗಳು ಪ್ರಸಿದ್ಧವಾಗಿವೆ. ವಾಯವ್ಯದ ಪಿಯೆಮೊಂತೆ ಪ್ರಾಂತದ ಗುಡ್ಡಗಳಲ್ಲಿ ನೆಬ್ಬಿಯೋಲೋ ಎಂಬ ದ್ರಾಕ್ಷಿಯಿಂದ ಮಾಡುವ ಬರೋಲೋ ಒಂದು. ತೊಸ್ಕಾನಾ ಪ್ರಾಂತದ ಮೊಂತಾಲ್ಚಿನೋ ಊರಿನ ಸುತ್ತ ಸಾಂಜೊವೇಸೆ ಎಂಬ ದ್ರಾಕ್ಷಿಯಿಂದ ಮಾಡುವ ಬ್ರುನೆಲ್ಲೋ ಇನ್ನೊಂದು. ಇಟಲಿಯ ಸರಕಾರ 1980ರಲ್ಲಿ ಇವೆರಡಕ್ಕೂ ತನ್ನ ಅತ್ಯುಚ್ಚ ದರ್ಜೆಯನ್ನು ಕೊಟ್ಟಿತು. ದರ್ಜೆಯ ಜೊತೆಗೆ ಕಟ್ಟುನಿಟ್ಟೂ ಇದೆ. ಬರೋಲೋವನ್ನು, ಕೊಯ್ಲಾದ ವರ್ಷದ ನವೆಂಬರ್ 1ರಿಂದ ಎಣಿಸಿ 38 ತಿಂಗಳು ಕಳೆಯದೆ ಮಾರುವಂತಿಲ್ಲ. ಅದರಲ್ಲಿ 18 ತಿಂಗಳಾದರೂ ಮರದ ಪೀಪಾಯಿಯಲ್ಲಿರಬೇಕು. ಬ್ರುನೆಲ್ಲೋ ಕೊಯ್ಲಿನ ನಂತರದ ಐದನೆಯ ವರ್ಷದ ಜನವರಿ 1ಕ್ಕೆ ಮೊದಲು ಅಂಗಡಿಗೆ ಬರುವಂತಿಲ್ಲ. ಎಂದರೆ ನಮ್ಮ ಕೈಗೆ ಬರುವಷ್ಟರಲ್ಲಿಯೇ ಅದು ಸಾಕಷ್ಟು ಹಳೆಯದಾಗಿರುತ್ತದೆ.

ಹಳೆಯದಾಗುವಾಗ ಒಳಗೆ ನಡೆಯುವುದೇನು? ಇದನ್ನು ತಿಳಿಯಲು ನಮ್ಮ ಷಡ್ರಸಗಳೇ ಸಾಕು. ಪಾಶ್ಚಾತ್ಯ ವಿಜ್ಞಾನ ಇಂದು ಒಗರನ್ನು ಮೂಲರುಚಿಗಳ ಪಟ್ಟಿಗೆ ಸೇರಿಸುವುದಿಲ್ಲ. ನಮ್ಮವರು ಅದಕ್ಕೆ ಪಂಕ್ತಿಯಲ್ಲೇ ಎಲೆ ಹಾಕಿದ್ದಾರೆ. ಎಳೆಯ ಅಡಿಕೆ, ನೇರಳೆಹಣ್ಣು, ದಾಳಿಂಬೆಯ ಸಿಪ್ಪೆ ಇವು ನಾಲಗೆಯನ್ನು ಹಿಡಿಯುವುದು ಯಾವ ದ್ರವ್ಯದಿಂದಲೋ ಅದೇ ಬಗೆಯ ಟ್ಯಾನಿನ್ ಎಂಬ ದ್ರವ್ಯ ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಬೀಜದಲ್ಲಿಯೂ ಇರುತ್ತದೆ. ಕೆಂಪು ವೈನನ್ನು ಸಿಪ್ಪೆಯೊಡನೆಯೇ ಹುಳಿಯೇರಿಸುವುದರಿಂದ ಅದು ರಸಕ್ಕೆ ಇಳಿಯುತ್ತದೆ. ನೆಬ್ಬಿಯೋಲೋದಲ್ಲಿ ಈ ಒಗರು ಬಹಳ. ಎಳೆಯದನ್ನು ಕುಡಿದರೆ ಬಾಯಿ ಬಿಗಿಯುತ್ತದೆ. ವರ್ಷಗಳು ಕಳೆದಂತೆ ಈ ಒಗರಿನ ಕಣಗಳು ಬಣ್ಣದ ಕಣಗಳೊಡನೆ ಕೂಡಿಕೊಂಡು ದೊಡ್ಡವಾಗಿ ತಳಕ್ಕಿಳಿಯುತ್ತವೆ. ಒಗರು ಮೆದುವಾಗುತ್ತದೆ, ಬಣ್ಣ ಇಟ್ಟಿಗೆಯ ಕಡೆಗೆ ತಿರುಗುತ್ತದೆ, ಬಾಟಲಿಯ ತಳದಲ್ಲಿ ಗಸಿ ನಿಲ್ಲುತ್ತದೆ. ಈ ಗಸಿ ಕೆಟ್ಟುದರ ಗುರುತಲ್ಲ, ವಯಸ್ಸಿನ ಗುರುತು.

ಇದೆಲ್ಲ ನಿಧಾನವಾಗಿ ನಡೆಯಬೇಕು. ಗಾಳಿ ಹೆಚ್ಚಾದರೆ ಒಂದು ಬಗೆಯ ಸೂಕ್ಷ್ಮಜೀವಿ ಮದ್ಯಾಂಶವನ್ನು ಹುಳಿಯಾಗಿಸಿ ರಸವನ್ನೆಲ್ಲ ಶಿರಕಾ ಮಾಡುತ್ತದೆ. ಫ್ರಾನ್ಸಿನ ಲೂಯಿ ಪಾಶ್ಚರ್ ವೈನಿನ ಕೇಡುಗಳನ್ನು ಪರೀಕ್ಷಿಸಿ 1866ರಲ್ಲಿ ಗ್ರಂಥವನ್ನೇ ಬರೆದನು. ಇಂದು ನಾವು ಹಾಲಿನ ಪೊಟ್ಟಣದ ಮೇಲೆ ಓದುವ ಪಾಶ್ಚರೀಕರಣವು ಅಂಥ ಶೋಧಗಳಿಂದಲೇ ಹುಟ್ಟಿದ್ದು.

ಇನ್ನು ಇಡುವ ಮಾತು. ವೈನಿಗೆ ಬೇಕಾದುದು 12ರಿಂದ 14 ಅಂಶದ ಸಮಶೀತ, ಕತ್ತಲೆ, ಅಲುಗಾಡದ ಜಾಗ, ಗಾಳಿಯಲ್ಲಿ ತುಸು ತೇವ. ಬಿರಡೆ ಒಣಗಿ ಸೀಳದಿರಲೆಂದು ಬಾಟಲಿಯನ್ನು ಅಡ್ಡ ಮಲಗಿಸಬೇಕು. ಇಟಲಿಯಲ್ಲಿ ಇದಕ್ಕೆ ನೆಲಮಾಳಿಗೆಗಳಿವೆ. ನಮ್ಮವರಿಗೂ ಇದು ಹೊಸದಲ್ಲ. ವಿಜಯಪುರ, ಕಲಬುರ್ಗಿ, ಧಾರವಾಡ ಸೀಮೆಯ ಹಗೇವುಗಳನ್ನು ನೆನಪಿಸಿಕೊಳ್ಳಿರಿ. ನೆಲದೊಳಗೆ ತೋಡಿದ ಆ ಕಣಜದಲ್ಲಿ ಬೇಸಗೆಯ ಬಿಸಿ ತಾಕದೆ ಜೋಳ ವರ್ಷಗಟ್ಟಲೆ ನಿಲ್ಲುತ್ತಿತ್ತು. ಹಗೇವು ತೆರೆದಾಗ ಒಳಗೆ ವಿಷವಾಯು ತುಂಬಿರುವುದುಂಟೆಂದು ಮೊದಲು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ದ್ರಾಕ್ಷಿ ಹುಳಿಯುವ ತೊಟ್ಟಿಗಳಲ್ಲಿಯೂ ಅದೇ ವಾಯು ನಿಲ್ಲುವುದರಿಂದ ಐರೋಪ್ಯ ಕೆಲಸಗಾರರೂ ಮೇಣದಬತ್ತಿ ಹಿಡಿದು ಇಳಿಯುವ ರೂಢಿಯಿತ್ತು.

ಆದರೆ ಯೆರವಡೆಯ ಮೂರನೆಯ ಅಂತಸ್ತಿನ ಮನೆಯಲ್ಲಿ ಹಗೇವು ಎಲ್ಲಿಂದ ಬರಬೇಕು? ಏಪ್ರಿಲ್-ಮೇ ತಿಂಗಳಲ್ಲಿ ಪುಣೆಯ ಬಿಸಿಲು 38-40 ಅಂಶಕ್ಕೆ ಏರುತ್ತದೆ. ಗಚ್ಚಿಯ ಕೆಳಗಿನ ಅಟ್ಟದಲ್ಲಿ ರಾತ್ರಿಯಾದರೂ ಕಾವು ಇಳಿಯುವುದಿಲ್ಲ. ಆ ಬಿಸಿಗೆ ರಸ ಹಿಗ್ಗಿ ಬಿರಡೆಯನ್ನು ಹೊರಗೆ ನೂಕುತ್ತದೆ. ಚಳಿಗಾಲದಲ್ಲಿ ಕುಗ್ಗಿ ಗಾಳಿಯನ್ನು ಒಳಗೆಳೆಯುತ್ತದೆ. ಇಟಲಿಯ ನೆಲಮಾಳಿಗೆಯಲ್ಲಿ ಹತ್ತು ವರ್ಷ ಬಾಳುವುದು ನಮ್ಮ ಅಟ್ಟದಲ್ಲಿ ಎರಡು ಬೇಸಗೆ ಕಂಡರೆ ಬೆಂದ ಹಣ್ಣಿನ ವಾಸನೆ ಹಿಡಿಯುತ್ತದೆ. ಆದುದರಿಂದ ಮೊಮ್ಮಗಳ ಮದುವೆಯ ಆಸೆಯನ್ನು ಬಿಡಿರಿ. ಮಗ ಮೂರು ತಿಂಗಳ ಉಳಿತಾಯದಿಂದ ಕೊಂಡು ತಂದುದು ಮದುವೆಯ ದಿನ ಶಿರಕಾ ಆಗಿ ಹೊರಬರುವುದಕ್ಕಿಂತ, ಅವನು ಊರಲ್ಲಿರುವಾಗಲೇ ತೆರೆಯುವುದು ಲೇಸು. ಕೆಲವು ತಿಂಗಳು ಇಡಲೇಬೇಕಾದರೆ ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಒಳಗೋಣೆಯ ಕೆಳಗಿನ ಕಪಾಟಿನಲ್ಲಿ ಹಳೆಯ ಬಟ್ಟೆ ಸುತ್ತಿ ಮಲಗಿಸಿರಿ. ಬೇಸಗೆ ಬಂದರೆ ಶೀತಪೆಟ್ಟಿಗೆಯೇ ಗತಿ. ಸಮಶೀತವನ್ನು ಕಾಯುವ ವಿದ್ಯುತ್ ಕಪಾಟುಗಳೂ ಈಗ ದೊರೆಯುತ್ತವೆ. ಒಂದು ಬಾಟಲಿಗಾಗಿ ಅದನ್ನು ಕೊಳ್ಳುವುದು ಒಂದು ಹಿಡಿ ಹೆಸರಿಗೆ ಹಗೇವು ತೋಡಿದಂತೆ.

ತೆರೆಯುವ ಕ್ರಮ ಹೀಗೆ. ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದರೆ ಗಸಿ ತಳಕ್ಕಿಳಿಯುತ್ತದೆ. ಬಿರಡೆಯನ್ನು ಮೆಲ್ಲನೆ ತಿರುಗಿಸಿ ತೆಗೆಯಬೇಕು, ಹಳೆಯದು ಪುಡಿಯಾಗುವುದುಂಟು. ಕುತ್ತಿಗೆಯ ಹಿಂದೆ ದೀಪವಿಟ್ಟು ನಿಧಾನವಾಗಿ ಗಾಜಿನ ಹೂಜಿಗೆ ಬಗ್ಗಿಸಿ, ಗಸಿ ಕಂಡೊಡನೆ ನಿಲ್ಲಿಸಬೇಕು. ತುಪ್ಪ ಕಾಸಿ ಬಸಿಯುವ ಕೈಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಲೋಟದ ಮೂರರಲ್ಲೊಂದು ಪಾಲು ಮಾತ್ರ ತುಂಬಿ, ಬಿಳಿಯ ಬಟ್ಟೆಯ ಮೇಲೆ ಓರೆ ಹಿಡಿದು ಅಂಚಿನ ಬಣ್ಣ ನೋಡಬೇಕು. ಬಳಿಕ ಮೂಸಬೇಕು. ಒಳ್ಳೆಯ ಹಳೆಯ ಬರೋಲೋದಲ್ಲಿ ಬಲ್ಲವರು ಒಣಗಿದ ಗುಲಾಬಿಯನ್ನೂ ಡಾಮರನ್ನೂ ಗುರುತಿಸುತ್ತಾರೆ. ನಮ್ಮವರು ಗುಲ್ಕಂದವೆಂದೋ, ಒಣದ್ರಾಕ್ಷಿಯೆಂದೋ, ತಂಬಾಕಿನ ಚಂಚಿಯೆಂದೋ ಹೇಳಿದರೆ ತಪ್ಪೇನಿಲ್ಲ. ಮೂಗಿಗೆ ತನ್ನ ಊರಿನ ನೆನಪೇ ನಿಘಂಟು. ಒದ್ದೆ ಗೋಣಿಚೀಲದ ಮುಗ್ಗಲು ವಾಸನೆ ಬಂದರೆ ಬಿರಡೆಯ ದೋಷ. ಶಿರಕಾದ ಘಾಟು ಬಂದರೆ ಗಾಳಿಯ ದೋಷ. ಎರಡನ್ನೂ ಮೋಹವಿಲ್ಲದೆ ಚೆಲ್ಲಿಬಿಡಿರಿ. ಕೊನೆಗೆ ಒಂದು ಗುಟುಕನ್ನು ಬಾಯಲ್ಲಿ ಆಡಿಸಿದರೆ ಮೊದಲು ಹಣ್ಣು, ಆಮೇಲೆ ಹುಳಿ, ಕಡೆಗೆ ಒಗರು ತೋರುತ್ತದೆ. ರುಚಿ ನೋಡುವುದನ್ನೇ ವೃತ್ತಿಯಾಗಿಸಿಕೊಂಡವರು ನುಂಗುವುದಿಲ್ಲ, ಉಗುಳುತ್ತಾರೆ. ಈ ಮಾತನ್ನು ನಮ್ಮ ತರುಣರು ಚೆನ್ನಾಗಿ ನೆನಪಿಟ್ಟುಕೊಳ್ಳಲಿ.

ಇಟಲಿಯ ಈ ಬಳ್ಳಿ ಈಗ ನಮಗೆ ನೆರೆಯದೂ ಹೌದು. ಸೊಲ್ಲಾಪುರ ಜಿಲ್ಲೆಯ ಅಕಲೂಜಿನ ಬಳಿ ಇಟಲಿಯವರೂ ನಮ್ಮ ದೇಶದವರೂ ಕೂಡಿ ನಡೆಸುವ ಫ್ರಾತೆಲ್ಲಿ ಎಂಬ ಸಂಸ್ಥೆ ಸಾಂಜೊವೇಸೆಯನ್ನು ಬೆಳೆಸಿದೆ. ಫ್ರಾತೆಲ್ಲಿ ಎಂದರೆ ಅಣ್ಣತಮ್ಮಂದಿರು. ತೊಸ್ಕಾನಾದ ಪಿಯೆರೋ ಮಾಸಿ ಎಂಬ ತಜ್ಞರ ಕೈಯಲ್ಲಿ ಅಲ್ಲಿ ಸಾಂಜೊವೇಸೆ ಹಾಗೂ ಕ್ಯಾಬರ್ನೆ ದ್ರಾಕ್ಷಿಗಳಿಂದ 'ಸೆತ್ತೆ', ಅಂದರೆ 'ಏಳು', ಎಂಬ ವೈನು ಹುಟ್ಟಿತು. ಇಟಲಿಯಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ಕೊಯ್ಲು ಸಪ್ಟಂಬರ್-ಅಕ್ಟೋಬರಿನಲ್ಲಿ. ನಮ್ಮ ದಖ್ಖಣದ ಬಳ್ಳಿಗೆ ಅಂಥ ನಿದ್ದೆಯಿಲ್ಲ. ವರ್ಷಕ್ಕೆ ಎರಡು ಸಲ ಕತ್ತರಿಸಿ ಅದನ್ನು ಹಾದಿಗೆ ತರುತ್ತಾರೆ, ಕೊಯ್ಲು ಫೆಬ್ರುವರಿ-ಮಾರ್ಚಿನಲ್ಲಿ. ಊರು ಬಿಟ್ಟು ಬಂದು ಹೊಸ ನೆಲದ ಋತುಮಾನಕ್ಕೆ ಒಗ್ಗಿಕೊಂಡು ಫಲ ಕೊಡುವ ಪಾಡು ನಮ್ಮ ಓದುಗರಿಗೆ ಅಪರಿಚಿತವಲ್ಲ. ಕನ್ನಡನಾಡಿನ ನಂದಿಬೆಟ್ಟದ ಸೀಮೆಯಲ್ಲಿಯೂ 1988ರಲ್ಲಿ ಗ್ರೋವರ್ ಮನೆತನದವರು ಫ್ರಾನ್ಸಿನ ತಳಿಗಳಿಂದ ಈ ಉದ್ಯೋಗವನ್ನು ಆರಂಭಿಸಿದರು.

ಈಗ ಮೂರನೆಯ ಪ್ರಶ್ನೆ. ನಾವಿರುವ ಊರು ಯೆರವಡಾ ಎಂಬುದನ್ನು ಮರೆತು ಇದಕ್ಕೆ ಉತ್ತರ ಹೇಳಲಾಗದು. ಗಾಂಧೀಜಿಯವರು 1930ರಲ್ಲಿ ಇಲ್ಲಿಯ ಸೆರೆಮನೆಯಿಂದ, ಅದನ್ನು 'ಮಂದಿರ'ವೆಂದು ಕರೆದು, ಆಶ್ರಮವಾಸಿಗಳಿಗೆ ವಾರವಾರವೂ ವ್ರತಗಳನ್ನು ಕುರಿತು ಪತ್ರ ಬರೆದರು. ಅವುಗಳಲ್ಲೊಂದು ಅಸ್ವಾದವ್ರತವನ್ನು ಕುರಿತದ್ದು: ನಾಲಗೆಯ ಸುಖಕ್ಕಲ್ಲ, ಶರೀರ ನಡೆಯಲೆಂದು ಔಷಧದಂತೆ ಉಣ್ಣಬೇಕೆಂಬುದು ಅದರ ತಾತ್ಪರ್ಯ. ಅದೇ ವರ್ಷ ಹೆಂಗಸರು ಹೆಂಡದಂಗಡಿಗಳ ಮುಂದೆ ನಿಂತು ಪಿಕೆಟಿಂಗ್ ಮಾಡಬೇಕೆಂದು ಕರೆಕೊಟ್ಟವರೂ ಅವರೇ. ಕಸ್ತೂರಬಾ ಅವರು 1944ರ ಫೆಬ್ರುವರಿ 22ರಂದು ಬಂಧನದಲ್ಲಿಯೇ ಕಣ್ಮುಚ್ಚಿದ ಆಗಾಖಾನ್ ಅರಮನೆ ನಮ್ಮ ಮನೆಗಳಿಗೆ ನಡೆದು ಹೋಗುವಷ್ಟು ದೂರದಲ್ಲಿದೆ. ರುಚಿಯ ಶಾಸ್ತ್ರವನ್ನು ಬರೆಯುವ ನಾವು ಗಾಂಧೀಜಿಯವರನ್ನು ನಮ್ಮ ಲೋಟಕ್ಕೆ ಸಾಕ್ಷಿಯಾಗಿ ಕರೆಯುವುದು ಸಲ್ಲದು. ಅವರು ಒಪ್ಪುತ್ತಿರಲಿಲ್ಲ, ಅಷ್ಟು ಸ್ಪಷ್ಟ.

ವಿಜ್ಞಾನವೂ ಈಗ ಅವರ ಕಡೆಗೇ ವಾಲಿದೆ. ಕೆಂಪು ವೈನು ಹೃದಯಕ್ಕೆ ಹಿತವೆಂಬ ಮಾತು ಒಂದು ಕಾಲದಲ್ಲಿ ಬಹಳ ಹರಡಿತ್ತು. ಆದರೆ ಮದ್ಯಪಾನೀಯಗಳನ್ನು ಕ್ಯಾನ್ಸರಿಗೆ ನಿಶ್ಚಿತ ಕಾರಣಗಳಲ್ಲಿ ಒಂದೆಂದು ಅಂತರರಾಷ್ಟ್ರೀಯ ಸಂಸ್ಥೆಯು 1988ರಲ್ಲಿಯೇ ಎಣಿಸಿತು. ಆರೋಗ್ಯಕ್ಕೆ ನಿರಪಾಯವಾದ ಪ್ರಮಾಣವೆಂಬುದು ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದುದರಿಂದ ಔಷಧವೆಂದು ಯಾರೂ ಕುಡಿಯಬೇಡಿರಿ. ಗರ್ಭಿಣಿಯರೂ, ನಿದ್ದೆಗುಳಿಗೆ ಮೊದಲಾದ ಮಾತ್ರೆ ನುಂಗುವವರೂ, ಗಾಡಿ ನಡೆಸಬೇಕಾದವರೂ ಇದರ ಹತ್ತಿರ ಸುಳಿಯಬಾರದು. ಈ ರಾಜ್ಯದಲ್ಲಿ 1949ರ ಮದ್ಯನಿಷೇಧ ಕಾಯಿದೆ ಇನ್ನೂ ಉಳಿದುಕೊಂಡಿದೆಯಾಗಿ, ಮನೆಯಲ್ಲಿ ಇಡುವವರು ಪರವಾನಗಿಯ ನಿಯಮಗಳನ್ನೂ ವಿಚಾರಿಸಿಕೊಳ್ಳಬೇಕು.

ಕಾಯಿದೆಗಿಂತ ದೊಡ್ಡದು ಮನೆಯವರ ಮನಸ್ಸು. ಕುಡಿತದಿಂದ ಸಂಸಾರ ಮುರಿದುದನ್ನು ಕಣ್ಣಾರೆ ಕಂಡ ಆಯಿಗೆ ಬಾಟಲಿ ಎಂದರೆ ಬಾಟಲಿಯೇ. ಮೇಲಿನ ಚೀಟಿಯಲ್ಲಿ ಇಟಲಿಯ ಹೆಸರಿದೆಯೆಂದು ಅವಳಿಗೆ ಸಮಾಧಾನವಾಗುವುದಿಲ್ಲ. ಅಂಥ ಮನೆಗೆ ಅದನ್ನು ತರುವ ಮೊದಲು ಮಗ ಒಂದು ಮಾತು ಕೇಳಬೇಕು. ಕೇಳದೆ ತಂದಿದ್ದರೆ ಹಿಂದಕ್ಕೆ ಒಯ್ಯುವುದರಲ್ಲಿ ಅವಮಾನವಿಲ್ಲ. ಕುಡಿತದ ಚಟ ಬಿಡಲು ಹೆಣಗುತ್ತಿರುವವರು ಮನೆಯಲ್ಲಿದ್ದರಂತೂ ಒಂದು ರಾತ್ರಿಯೂ ಇಡಬಾರದು. ಹಾಗೆಯೇ ಹಿರಿಯರಿಗೂ ಒಂದು ಮಾತು: ಮಗನೂ ಸೊಸೆಯೂ ನಿಮ್ಮೆದುರಿಗೇ ತಂದಿಟ್ಟು ಒಪ್ಪಿಗೆ ಕೇಳಿದರೆ, ಅದನ್ನು ಉದ್ಧಟತನವೆಂದು ಎಣಿಸದಿರಿ. ಕದ್ದು ಕುಡಿಯುವವರು ಕೇಳುವುದಿಲ್ಲ. ಬೇಡವೆನ್ನಿಸಿದರೆ ಬೇಡವೆನ್ನಿರಿ, ಆದರೆ ಮುಖ ತಿರುಗಿಸಿ ಕೂತು ಹಬ್ಬದ ಊಟವನ್ನು ಕಹಿ ಮಾಡಬೇಡಿರಿ. ಒಂದು ಬಾಟಲಿಯ ಸಲುವಾಗಿ ವರ್ಷಕ್ಕೊಮ್ಮೆ ಬರುವ ಮಗ ಹೋಟೆಲಿನಲ್ಲಿ ಇಳಿದುಕೊಳ್ಳುವಂತಾಗಬಾರದು.

ಇಡಲು ತಂಪು ಜಾಗ, ತೆರೆಯಲು ಮನೆಯವರ ಒಪ್ಪಿಗೆ, ಒಂದು ಗುಟುಕಿಗೆ ನಿಲ್ಲಿಸಲು ಮನಸ್ಸಿನ ಬಿಗಿ ಇವು ಮೂರೂ ಇದ್ದವರಿಗೆ ಮಾತ್ರ ಈ ಹಳೆಯ ರಸ ಹದವಾದೀತು. ಉಳಿದವರಿಗೆ ನಮ್ಮ ಕೋಕಂ ಶರಬತ್ತೇ ಸಾಕು. ಅದರಲ್ಲಿಯೂ ಹುಳಿ, ಒಗರು, ಕೆಂಪು ಮೂರೂ ಇವೆ. ಮುಂದಿನ ಸಂಚಿಕೆಯಲ್ಲಿ ಉಪ್ಪಿನಕಾಯಿಯ ಭರಣಿಗೆ ಮಳೆಗಾಲದಲ್ಲಿ ಬೂಸು ಹಿಡಿಯದಂತೆ ಕಾಯುವ ಬಗೆಯನ್ನು ನೋಡೋಣ. ನಿಮ್ಮ ನಿಮ್ಮ ಮನೆಯ ರೀತಿಗಳನ್ನು ಬರೆದು ಕಳುಹಿಸಿರಿ.